ಹಾಸಿಗೆ ಬೇಡದ ಚಿಕಿತ್ಸೆಗೆ ವಿಮೆ ಸಿಕ್ಕೀತೇ?



ಎರಡು ವರ್ಷಗಳ ಹಿಂದೆ ಕೊಳ್ಳೇಗಾಲದ ರೇಷ್ಮೆ ಮಗ್ಗಗಳ ಬಗ್ಗೆ ಒಂದು ಕಾರ್ಯಕ್ರಮ ಚಿತ್ರಿಸಲು ನಮ್ಮ ತಂಡ ಅಲ್ಲಿಗೆ ಹೋಗಿತ್ತು. ಮಧ್ಯಾಹ್ನ ಮಳೆ ಹಿಡಿಯಿತು. ಕ್ಯಾಮೆರಾ, ದೀಪ, ಸ್ಟ್ಯಾಂಡು ಎಲ್ಲವನ್ನೂ ಹೊತ್ತುಕೊಂಡು ಬಸ್ ನಿಲ್ದಾಣದಲ್ಲಿ ನಿಂತೆವು. ಐದಾರು ವರ್ಷದ ಒಬ್ಬ ಹುಡುಗ ನೇರವಾಗಿ ನಮ್ಮತ್ತ ಬಂದು, ಕ್ಯಾಮೆರಾ ಸ್ಟ್ಯಾಂಡಿನ ಕೆಳಗಿದ್ದ ಚಿಕ್ಕ ಗಾಲಿಯನ್ನು ತಿರುಗಿಸತೊಡಗಿದ. ತಿರುಗಿಸುವುದು, ನೋಡುವುದು, ನಿಂತ ಮೇಲೆ ಮತ್ತೆ ತಿರುಗಿಸುವುದು. ಹೆಸರು ಕೇಳಿದೆವು, ತಿರುಗಿ ನೋಡಲಿಲ್ಲ. ಬಿಸ್ಕತ್ತು ಕೊಟ್ಟೆವು, ಅದಕ್ಕೂ ತಿರುಗಲಿಲ್ಲ. ಅಷ್ಟರಲ್ಲಿ ತಾಯಿ ಓಡಿಬಂದರು. "ತಪ್ಪು ತಿಳ್ಕಬ್ಯಾಡಿ ಸಾ, ನಮ್ ಮೊಗ ಹಿಂಗಿಯ" ಎಂದರು.

ಆಕೆ ಹನೂರಿನಾಚೆ, ರಾಮಾಪುರದ ಕಡೆಯ ಹಳ್ಳಿಯವರು. ಮಗನಿಗೆ ಆಟಿಸಂ ಎಂದು ಮೈಸೂರಿನಲ್ಲಿ ಹೇಳಿದ್ದರು. ಮಾತು ಬರಲೆಂದು ಮಾದಪ್ಪನಿಗೆ ಹರಕೆಯನ್ನೂ ಹೊತ್ತಿದ್ದರು, ಥೆರಪಿಗೂ ಹೋಗುತ್ತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಬಿಲ್ಲುಗಳು, ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡು ಮತ್ತು ಇಂಗ್ಲಿಷಿನಲ್ಲಿದ್ದ ಒಂದು ಪತ್ರ. ಆಕೆಯ ಗಂಡ ಬೆಂಗಳೂರಿನಲ್ಲಿ ವಾಹನ ಚಾಲಕರು. ಅವರು ದುಡಿಯುವ ಕಡೆ ಕೆಲಸಗಾರರಿಗೆಲ್ಲ ಗುಂಪು ವಿಮೆ ಮಾಡಿಸಿದ್ದರು. ಹನ್ನೊಂದು ತಿಂಗಳ ಥೆರಪಿ ಬಿಲ್ಲುಗಳನ್ನು ಒಟ್ಟಿಗೆ ಕಳುಹಿಸಿದ್ದರು. ಪತ್ರದಲ್ಲಿದ್ದದ್ದು ಎರಡೇ ಸಾಲು: ಇದು ಹೊರರೋಗಿ ಚಿಕಿತ್ಸೆ, ಪಾಲಿಸಿಯಲ್ಲಿ ಇದಕ್ಕೆ ಅವಕಾಶವಿಲ್ಲ.

ನಾನು ಓದಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಾದ್ರ ಮೊಗೀನ ಆಸ್ಪತ್ರ ಮಂಚದ ಮ್ಯಾಲ ಮಲಗಿಸುದ್ರ ಮಾತ್ರ ದುಡ್ಡು ಕೊಟ್ಟಾರಾ ಸಾ? ಇವನು ಮಲಗೋ ಮೊಗನಾ?" ಎಂದು ಕೇಳಿದರು.

ಆ ಕ್ಷಣಕ್ಕೆ ನನಗೆ ಸಿಟ್ಟು ಬಂತು. ಕಂಪನಿಗೆ ದೂರವಾಣಿ ಮಾಡಿ ಗದರಿಸಿದರೆ ಹಣ ಬಂದೇ ಬರುತ್ತದೆ ಎಂದು ಆಕೆಗೆ ಭರವಸೆಯನ್ನೂ ಕೊಟ್ಟುಬಿಟ್ಟೆ. ದುಡುಕಿದ್ದೆ. ಪಾಲಿಸಿಯ ಕಾಗದವನ್ನು ತರಿಸಿ ಓದಿದಾಗ ಕಂಪನಿ ಬರೆದದ್ದು ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಆದರೆ ಆ ತಾಯಿಯ ಪ್ರಶ್ನೆಯೂ ಸರಿಯಾಗಿಯೇ ಇತ್ತು. ಎರಡೂ ಸರಿಯಾಗಿರುವುದು ಹೇಗೆ? ಇಂದಿನ ಮಾತು ಅದರ ಬಗ್ಗೆ.

ಮೊದಲು ಆಟಿಸಂ ಎಂದರೇನೆಂದು ಚುಟುಕಾಗಿ ನೋಡೋಣ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಅಮೆರಿಕದಲ್ಲಿ 11 ಮಕ್ಕಳನ್ನು ಗಮನಿಸಿ ಇದರ ಲಕ್ಷಣಗಳನ್ನು ವಿವರವಾಗಿ ಬರೆದರು. ಇದು ಸೋಂಕಲ್ಲ, ಬುದ್ಧಿಭ್ರಮಣೆಯಲ್ಲ, ತಾಯಿ ತಂದೆಯರ ಸಾಕಣೆಯ ದೋಷವೂ ಅಲ್ಲ. ಮೆದುಳಿನ ಬೆಳವಣಿಗೆಯೇ ಬೇರೆ ಬಗೆಯಲ್ಲಿ ಆಗಿರುತ್ತದೆ. ಆದ್ದರಿಂದ ಇತರರೊಡನೆ ಬೆರೆಯುವುದು, ಮಾತು ಮತ್ತು ಸನ್ನೆಗಳನ್ನು ಬಳಸುವುದು ಕಷ್ಟವಾಗುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ಹಿತವೆನಿಸುತ್ತದೆ. ಕೆಲವರಿಗೆ ಶಬ್ದ, ಬೆಳಕು, ಬಟ್ಟೆಯ ಸ್ಪರ್ಶ ಕೂಡ ಸಹಿಸಲಾಗದಷ್ಟು ತೀವ್ರವಾಗಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ನಿಮ್ಮ ಶಾಲೆಯಲ್ಲಿ 500 ಮಕ್ಕಳಿದ್ದರೆ, ಈ ಲೆಕ್ಕದಲ್ಲಿ ಸುಮಾರು ನಾಲ್ವರು. ನಾಲ್ವರು ನಿಮಗೆ ಕಾಣುತ್ತಿಲ್ಲವೆಂದರೆ, ಅವರು ಗುರುತಾಗದೆ ನಿಮ್ಮ ನಡುವೆಯೇ ಇರಬಹುದು, ಇಲ್ಲವೇ ಶಾಲೆಗೇ ಬರುತ್ತಿಲ್ಲದಿರಬಹುದು.

ಇದನ್ನು ಗುಣಪಡಿಸುವ ಮಾತ್ರೆಯಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಇರುವುದು ಅಭ್ಯಾಸ. ವಾಕ್ ಚಿಕಿತ್ಸೆ, ದಿನನಿತ್ಯದ ಕೆಲಸಗಳನ್ನು ಕಲಿಸುವ ಆಕ್ಯುಪೇಷನಲ್ ಥೆರಪಿ, ನಡವಳಿಕೆಯ ತರಬೇತಿ, ವಿಶೇಷ ಶಿಕ್ಷಣ. ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ, ವರ್ಷಗಟ್ಟಲೆ. ಸಂಗೀತ ಕಲಿತವರಿಗೆ ಇದು ಬೇಗ ಅರ್ಥವಾದೀತು. ಒಂದು ದಿನಕ್ಕೆ ಏನೂ ಕಾಣುವುದಿಲ್ಲ, ಮೂರು ವರ್ಷದ ನಂತರ ಕಾಣುತ್ತದೆ. ನಡುವೆ ಬಿಟ್ಟರೆ ಕಲಿತದ್ದೂ ಜಾರುತ್ತದೆ.

ಈಗ ವಿಮೆಯ ಕಡೆ ಬರೋಣ. ಹಳ್ಳಿಯಿಂದ ಬಂದವರು ಹಸುವಿನ ಕಿವಿಯಲ್ಲಿ ಹಳದಿ ಓಲೆಯನ್ನು ನೋಡಿರುತ್ತೀರಿ. ಹಸುವಿಗೆ ವಿಮೆ ಮಾಡಿಸುವಾಗಲೂ ಗುರುತಿಗೆ ಇಂಥ ಓಲೆಯೇ ಆಧಾರ. ಒಂದು ಊರಿನಲ್ಲಿ 100 ಹಸುಗಳಿವೆ, ಒಂದೊಂದರ ಬೆಲೆ 50,000 ರೂಪಾಯಿ, ವರ್ಷಕ್ಕೆ ಸರಾಸರಿ ಮೂರು ಹಸು ಸಾಯುತ್ತವೆ ಎಂದು ಇಟ್ಟುಕೊಳ್ಳಿ. ನಷ್ಟ 1,50,000. ಅದನ್ನು ನೂರು ಜನ ಹಂಚಿಕೊಂಡರೆ ತಲೆಗೆ 1,500. ಕಂಪನಿಯ ಖರ್ಚು, ಲಾಭ ಸೇರಿ ಇನ್ನಷ್ಟು. ಯಾರ ಹಸು ಸಾಯುತ್ತದೆಂದು ವರ್ಷದ ಮೊದಲಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ವಿಮೆಯ ಬಂಡವಾಳ. ಕಾಯಿಲೆ ಬಿದ್ದ ಹಸುವಿಗೆ ರಾತ್ರೋರಾತ್ರಿ ಓಲೆ ಹಾಕಿಸಲು ಹೋದರೆ ಯಾವ ಪಶುವೈದ್ಯರೂ ಸಹಿ ಹಾಕುವುದಿಲ್ಲ, ಅಲ್ಲವೇ?

ಇದೇ ಲೆಕ್ಕವನ್ನು ಆಟಿಸಂಗೆ ಹಾಕಿ ನೋಡಿ. ಒಂದು ಸಲದ ಥೆರಪಿಗೆ 500 ರೂಪಾಯಿ ಎಂದು ಬರೀ ಲೆಕ್ಕಕ್ಕಾಗಿ ಹಿಡಿಯೋಣ. ವಾರಕ್ಕೆ ಎರಡು ಸಲವಾದರೆ ವರ್ಷಕ್ಕೆ 104 ಸಲ, ಅಂದರೆ 52,000. ಮಗುವಿಗೆ ಆಟಿಸಂ ಇದೆಯೆಂದು ಗೊತ್ತಾದ ಮೇಲೆ ಆ ಮನೆಯವರು ವಿಮೆ ಕೊಳ್ಳಲು ಹೋದರೆ, ಈ ಖರ್ಚು ಬಂದೇ ಬರುವ ಖರ್ಚು. ಕಂಪನಿ 52,000ಕ್ಕಿಂತ ಕಡಿಮೆ ಕಂತು ಕೇಳಿದರೆ ಅದಕ್ಕೆ ನಷ್ಟ. ಅಷ್ಟೇ ಕೇಳಿದರೆ ಅದು ವಿಮೆಯಲ್ಲ, ತನ್ನ ಹಣವನ್ನು ತಾನೇ ಇಟ್ಟು ತಾನೇ ತೆಗೆದುಕೊಂಡಂತೆ. ಆದ್ದರಿಂದ ಖಾಸಗಿ ಪಾಲಿಸಿಗಳು ಎರಡು ಬೇಲಿ ಹಾಕಿಕೊಂಡಿರುತ್ತವೆ. ಮೊದಲನೆಯದು, ಮೊದಲೇ ಇದ್ದ ತೊಂದರೆಗೆ ಕಾಯುವ ಅವಧಿ. 2024ರ ನಿಯಮದಂತೆ ಇದು ಮೂರು ವರ್ಷ ಮೀರುವಂತಿಲ್ಲ. ಎರಡನೆಯದು ಆ ತಾಯಿ ಹೇಳಿದ ಮಂಚ. ಸಾಮಾನ್ಯವಾಗಿ 24 ಗಂಟೆಯಾದರೂ ಆಸ್ಪತ್ರೆಯಲ್ಲಿ ದಾಖಲಾಗಬೇಕು. ಮಂಚವೆನ್ನುವುದು ಕಂಪನಿಗೆ ಒಂದು ಅಳತೆಗೋಲು. ಸುಮ್ಮಸುಮ್ಮನೆ ಯಾರೂ ಆಸ್ಪತ್ರೆಯಲ್ಲಿ ಮಲಗುವುದಿಲ್ಲ, ಮಲಗಿದರೆ ಕಾಯಿಲೆ ನಿಜ, ಎದ್ದು ಹೋದರೆ ಖರ್ಚು ಮುಗಿಯಿತು. ವರ್ಷಗಟ್ಟಲೆ ನಡೆಯುವ, ಹಾಸಿಗೆಯೇ ಬೇಡದ ಚಿಕಿತ್ಸೆಯನ್ನು ಅಳೆಯಲು ಆ ಕೋಲಿನಿಂದ ಆಗುವುದಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಿ. ಮಗು ಹುಟ್ಟುವ ಮೊದಲು ಯಾರ ಮನೆಯಲ್ಲಿ ಆಟಿಸಂ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಆಗಲೇ 127 ಮಕ್ಕಳ ಮನೆಗಳೆಲ್ಲ ಒಟ್ಟಿಗೆ ಸೇರಿ ಆ ಒಂದು ಮಗುವಿನ 52,000 ರೂಪಾಯಿಯನ್ನು ಹಂಚಿಕೊಂಡರೆ ಮನೆಗೆ ಎಷ್ಟಾಗುತ್ತದೆ? ಸುಮಾರು 410 ರೂಪಾಯಿ. ವರ್ಷಕ್ಕೆ! ಒಬ್ಬರೇ ಹೊತ್ತರೆ ಮನೆ ಮಾರಬೇಕಾದ ಹೊರೆ, ಎಲ್ಲರೂ ಹೊತ್ತರೆ ಹಬ್ಬಕ್ಕೆ ಒಂದು ಜೊತೆ ಚಪ್ಪಲಿಯ ಖರ್ಚು. ಆದರೆ ಎಲ್ಲರನ್ನೂ ಒಟ್ಟಿಗೆ ಸೇರಿಸುವವರು ಯಾರು? ಪ್ರತ್ಯೇಕ ಕಂಪನಿಗೆ ಅದು ಸಾಧ್ಯವಿಲ್ಲ. ಕಾನೂನಿಗೆ ಸಾಧ್ಯ, ಸರ್ಕಾರದ ಬೊಕ್ಕಸಕ್ಕೆ ಸಾಧ್ಯ. ಅಮೆರಿಕದಲ್ಲಿ ಕೂಡ ಕಂಪನಿಗಳು ತಾವಾಗಿ ಮುಂದೆ ಬರಲಿಲ್ಲ. 2001ರಲ್ಲಿ ಇಂಡಿಯಾನಾ ರಾಜ್ಯ, ಆರೋಗ್ಯ ವಿಮೆಯಲ್ಲಿ ಆಟಿಸಂ ಚಿಕಿತ್ಸೆಯೂ ಸೇರಬೇಕೆಂದು ಕಾನೂನು ಮಾಡಿತು. ಉಳಿದ ರಾಜ್ಯಗಳು ಒಂದೊಂದಾಗಿ ಅದೇ ದಾರಿ ಹಿಡಿದು, 2019ರ ಹೊತ್ತಿಗೆ 50 ರಾಜ್ಯಗಳಲ್ಲೂ ಇಂಥ ನಿಯಮ ಬಂತು. ಅದಕ್ಕಾಗಿ ತಾಯಿತಂದೆಯರು ಶಾಸನಸಭೆಗಳ ಮೆಟ್ಟಿಲು ಹತ್ತಿದ್ದರು.

ನಮ್ಮಲ್ಲಿ ಏನಿದೆ?

ಆ ಪ್ಲಾಸ್ಟಿಕ್ ಕವರಿನ ಕಾರ್ಡುಗಳನ್ನೇ ಒಂದೊಂದಾಗಿ ತೆಗೆದು ನೋಡೋಣ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಇದೆ. ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಹೃದಯಕ್ಕೆ, ಮೂತ್ರಪಿಂಡಕ್ಕೆ, ಕ್ಯಾನ್ಸರಿಗೆ ಅದು ಎಷ್ಟೋ ಮನೆಗಳನ್ನು ಉಳಿಸಿದೆ. ಆದರೆ ಅದರ ಮೂಲ ಎರಕ ಆಸ್ಪತ್ರೆಯ ದಾಖಲಾತಿಯದೇ. ಸಹಕಾರ ಸಂಘದ ರೈತರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ನಿಮ್ಮ ಮನೆಗಳಲ್ಲಿ ಹಿರಿಯರಿಗೆ ಗೊತ್ತಿರುತ್ತದೆ. 2018ರಲ್ಲಿ ನಿಂತುಹೋಗಿ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಅದರ ಜೀವಾಳ ಶಸ್ತ್ರಚಿಕಿತ್ಸೆ. ನಮ್ಮ ಹುಡುಗನಿಗೆ ಯಾವ ಶಸ್ತ್ರಚಿಕಿತ್ಸೆ? ಎರಡೂ ಒಳ್ಳೆಯ ಕಾರ್ಡುಗಳೇ, ಈ ಬೀಗಕ್ಕೆ ಈ ಕೀಲಿ ಕೂಡುವುದಿಲ್ಲ, ಅಷ್ಟೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು ಎಂದು ಹೇಳಿತು. ಅದನ್ನು ಓದಿ ಕೆಲವರು, 'ಹಾಗಾದರೆ ಆಟಿಸಂಗೂ ಸಿಗುತ್ತದೆ' ಎಂದು ಸಂತೋಷಪಡುತ್ತಾರೆ. ಆಟಿಸಂ ಮಾನಸಿಕ ಕಾಯಿಲೆಯಲ್ಲ, ಬೆಳವಣಿಗೆಯ ಭಿನ್ನತೆ ಎಂದು ಆಗಲೇ ಹೇಳಿದೆನಲ್ಲ. ವಿಜ್ಞಾನದ ಈ ಭೇದವೇ ಇಲ್ಲಿ ಅಡ್ಡ ಬರುತ್ತದೆ. 2023ರ ಫೆಬ್ರವರಿ 27ರಂದು ವಿಮಾ ನಿಯಂತ್ರಣ ಪ್ರಾಧಿಕಾರ ಇನ್ನೊಂದು ಹೆಜ್ಜೆಯಿಟ್ಟಿತು. ಪ್ರತಿ ಸಾಮಾನ್ಯ ವಿಮಾ ಕಂಪನಿ ಮತ್ತು ಆರೋಗ್ಯ ವಿಮಾ ಕಂಪನಿ ಅಂಗವಿಕಲರಿಗಾಗಿ ಒಂದು ಪಾಲಿಸಿಯನ್ನು ಇಟ್ಟಿರಲೇಬೇಕು ಎಂದು ಆದೇಶಿಸಿತು. ಬಾಗಿಲು ತೆರೆದದ್ದು ದೊಡ್ಡ ಮಾತು. ಆದರೆ ಕೊಳ್ಳುವ ಮುಂಚೆ ಏಜೆಂಟರನ್ನು ಒಂದೇ ಒಂದು ಪ್ರಶ್ನೆ ಕೇಳಿ: 'ಮಗು ಆಸ್ಪತ್ರೆಯಲ್ಲಿ ಮಲಗದಿದ್ದರೂ ಥೆರಪಿಯ ಹಣ ಬರುತ್ತದೆಯೇ? ಕಾಗದದಲ್ಲಿ ಎಲ್ಲಿದೆ ತೋರಿಸಿ.' ಬಾಯಿಮಾತಿನ 'ಬರುತ್ತೆ ಬರುತ್ತೆ'ಗೆ ಬೆಲೆಯಿಲ್ಲ. ನಿಯಮದಲ್ಲಿದ್ದೂ ಕೊಡದಿದ್ದರೆ ಮೊದಲು ಕಂಪನಿಗೇ ಬರೆದು ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಇನ್ನು, ಈ ಬೀಗಕ್ಕೇ ಮಾಡಿದ ಕೀಲಿ ಒಂದಿದೆ. ಅದರ ಹೆಸರು ನಿರಾಮಯ. 1999ರಲ್ಲಿ ಸಂಸತ್ತು ರಾಷ್ಟ್ರೀಯ ನ್ಯಾಸ ಕಾಯ್ದೆಯನ್ನು ಮಾಡಿತು. ಜನ ಇದನ್ನು ನ್ಯಾಷನಲ್ ಟ್ರಸ್ಟ್ ಎಂದೇ ಕರೆಯುತ್ತಾರೆ. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ, ಈ ನಾಲ್ಕರವರಿಗಾಗಿಯೇ ಇದು. ಅದಕ್ಕೆ ಮುಂಚಿನ 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ನ್ಯೂನತೆಗಳ ಪಟ್ಟಿಯಿತ್ತು, ಆಟಿಸಂ ಎಂಬ ಪದವೇ ಇರಲಿಲ್ಲ. ಈ ಟ್ರಸ್ಟ್ 2008ರಲ್ಲಿ ನಿರಾಮಯ ಆರೋಗ್ಯ ವಿಮೆಯನ್ನು ಆರಂಭಿಸಿತು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ. ವಯಸ್ಸಿನ ಮಿತಿಯಿಲ್ಲ, ಮೊದಲು ವೈದ್ಯಕೀಯ ತಪಾಸಣೆ ಮಾಡಿಸಿಕೊಂಡು ಬನ್ನಿ ಎನ್ನುವುದಿಲ್ಲ, 'ಮೊದಲೇ ಇದ್ದದ್ದು' ಎಂದು ತಳ್ಳುವುದಿಲ್ಲ. ಮುಖ್ಯವಾಗಿ, ಹೊರರೋಗಿಯಾಗಿ ಪಡೆದ ಚಿಕಿತ್ಸೆಗೂ, ನಡೆಯುತ್ತಲೇ ಇರುವ ಥೆರಪಿಗಳಿಗೂ, ಸ್ವಲ್ಪಮಟ್ಟಿಗೆ ಪ್ರಯಾಣದ ಖರ್ಚಿಗೂ ಅವಕಾಶವಿದೆ. ಮಂಚ ಕಡ್ಡಾಯವಲ್ಲ! ಬಡತನ ರೇಖೆಯ ಕೆಳಗಿನವರು ಸೇರುವಾಗ 250 ರೂಪಾಯಿ, ಆಮೇಲೆ ಪ್ರತಿವರ್ಷ ನವೀಕರಣಕ್ಕೆ 50. ಉಳಿದವರಿಗೆ 500 ಮತ್ತು 250. ಹಸುವಿನ ಲೆಕ್ಕವನ್ನು ನೆನಪಿಟ್ಟುಕೊಂಡಿದ್ದರೆ ಈ ಮೊತ್ತ ನಿಜವಾದ ಕಂತಲ್ಲವೆಂದು ನೀವೇ ಹೇಳಬಲ್ಲಿರಿ. ಉಳಿದದ್ದನ್ನು ಭರಿಸುವುದು ಸರ್ಕಾರ, ಎಂದರೆ ಆ 127 ಮನೆಗಳು.

ಇದರ ಕೊರತೆಯನ್ನೂ ಹೇಳಬೇಕು. ಒಂದು ಲಕ್ಷವೆಂದರೆ ಇಡೀ ಲಕ್ಷವನ್ನೂ ಥೆರಪಿಗೆ ಕೊಡುವುದಿಲ್ಲ. ಒಳಗೆ ಭಾಗಗಳಿವೆ, ಬಹುಪಾಲು ಆಸ್ಪತ್ರೆ ಮತ್ತು ಶಸ್ತ್ರಚಿಕಿತ್ಸೆಗೇ ಮೀಸಲು. ಥೆರಪಿಯ ಪಾಲು ನಮ್ಮ 52,000ದ ಲೆಕ್ಕಕ್ಕೆ ಸಾಕಾಗುವುದಿಲ್ಲ. ಮತ್ತೆ, ಇದು ಮೊದಲು ನೀವು ಖರ್ಚು ಮಾಡಿ ಆಮೇಲೆ ಬಿಲ್ಲು ಕಳುಹಿಸಿ ಪಡೆಯುವ ಹಣ. ಕೈಯಲ್ಲಿ ಕಾಸಿಲ್ಲದವರಿಗೆ ಮೊದಲ ಕಾಸು ಎಲ್ಲಿಂದ? ಬಿಲ್ಲಿನ ಜೊತೆ ವೈದ್ಯರ ಸಲಹೆಚೀಟಿ ಇರಬೇಕು, ಮೂಲ ಬಿಲ್ಲೇ ಇರಬೇಕು, ಅದನ್ನು ಒಂದು ತಿಂಗಳೊಳಗೆ ಕಳುಹಿಸಿಬಿಡುವುದು ಕ್ಷೇಮ. ನಮ್ಮ ತಾಯಿಯಂತೆ ಹನ್ನೊಂದು ತಿಂಗಳು ಕೂಡಿಡಬಾರದು. ಪಾಲಿಸಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನವೀಕರಿಸದಿದ್ದರೆ ಏಪ್ರಿಲ್‌ನಿಂದ ರಕ್ಷಣೆಯಿಲ್ಲ. ಪರೀಕ್ಷೆಯ ಕಾಲವಾದ್ದರಿಂದ ನಿಮಗೆ ಮಾರ್ಚ್ ನೆನಪಿರುತ್ತದೆ. ಕೂಲಿಗೆ ಹೋಗುವ ತಾಯಿಗೆ ಅದು ಇನ್ನೊಂದು ತಿಂಗಳು ಮಾತ್ರ.

ನಿರಾಮಯಕ್ಕೆ ಮೊದಲು ಬೇಕಾದದ್ದು ಅಂಗವಿಕಲತೆಯ ಪ್ರಮಾಣಪತ್ರ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಏಳರ ಪಟ್ಟಿ 21 ಆಯಿತು, ಅದರಲ್ಲಿ ಆಟಿಸಂ ಸೇರಿತು. ಈಗ ಕೊಡುವುದು ಯುಡಿಐಡಿ ಎಂಬ ಕಾರ್ಡು. ಆಟಿಸಂ ಅನ್ನು ಅಳೆಯುವುದು ಹೇಗೆಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತೀರಿ. ರಕ್ತಪರೀಕ್ಷೆಯಿಲ್ಲ, ಕ್ಷಕಿರಣವಿಲ್ಲ. ನಮ್ಮ ದೇಶದಲ್ಲೇ ರೂಪಿಸಿದ ಒಂದು ಮಾಪನವಿದೆ, ಐಎಸ್‌ಎಎ ಎನ್ನುತ್ತಾರೆ. 40 ಅಂಶಗಳು: ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆಯೇ, ಒಬ್ಬನೇ ಇರಬಯಸುತ್ತಾನೆಯೇ, ಹೇಳಿದ್ದನ್ನೇ ಹೇಳುತ್ತಾನೆಯೇ ಹೀಗೆ. ಒಂದೊಂದಕ್ಕೂ 1ರಿಂದ 5 ಅಂಕ. ಅತಿ ಕಡಿಮೆ 40, ಅತಿ ಹೆಚ್ಚು 200. 70 ದಾಟಿದರೆ ಆಟಿಸಂ ಎಂದು ಪರಿಗಣಿಸುತ್ತಾರೆ. ಮಗು ಆ ದಿನ ಹೇಗಿತ್ತು ಎಂಬುದರ ಜೊತೆಗೆ ತಾಯಿ ಹೇಳುವ ಮಾತಿಗೂ ಇಲ್ಲಿ ತೂಕವಿದೆ. ಹೆದರಿಕೆಯಿಂದಲೋ ನಾಚಿಕೆಯಿಂದಲೋ 'ಎಲ್ಲಾ ಚೆನ್ನಾಗಿ ಮಾಡ್ತಾನೆ' ಎಂದುಬಿಟ್ಟರೆ ಅಂಕ ಇಳಿಯುತ್ತದೆ. ಅಂಕ ಇಳಿದು ನ್ಯೂನತೆ ಶೇಕಡಾ 40ಕ್ಕಿಂತ ಕಡಿಮೆಯಾದರೆ ಹಲವು ಸೌಲಭ್ಯಗಳು ತಪ್ಪುತ್ತವೆ. ಕೆಟ್ಟದ್ದನ್ನು ಹೇಳಿದರೆ ಮಗನಿಗೆ ಅವಮಾನವೆಂದು ತಾಯಿಗೆ ಅನ್ನಿಸುವುದು ಸಹಜ, ನಿಜ. ಆದರೂ ಇದ್ದದ್ದನ್ನು ಇದ್ದಂತೆ ಹೇಳಲೇಬೇಕಾದ ಜಾಗವದು.

ಅರ್ಜಿ ತುಂಬಲು ಯಾರನ್ನು ಹಿಡಿಯಬೇಕು? ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಈಗ ಬೇರೆ ಬೇರೆ ತಾಲ್ಲೂಕುಗಳಾದ್ದರಿಂದ ನಿಮ್ಮ ತಾಲ್ಲೂಕಿನ ಕಚೇರಿಗೇ ಹೋಗಿ. ಇವರು ಸಾಮಾನ್ಯವಾಗಿ ತಾವೂ ಅಂಗವಿಕಲರೇ ಆಗಿರುತ್ತಾರೆ, ಆದ್ದರಿಂದ ಕಾಗದದ ಕಷ್ಟ ಅವರಿಗೆ ಗೊತ್ತು. ಅಲ್ಲಿಗೆ ಹೋದಾಗ ಇನ್ನೊಂದು ಮಾತು ಕೇಳಬಹುದು. ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇಕಡಾ 5ನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು 'ಈ ವರ್ಷ ಆ ಹಣ ಎಷ್ಟು, ಯಾವುದಕ್ಕೆ ಹೋಯಿತು' ಎಂದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಇಷ್ಟೆಲ್ಲ ಥೆರಪಿಯ ಶುಲ್ಕದ ಮಾತಾಯಿತು. ಆದರೆ ಬಸ್ ನಿಲ್ದಾಣದ ಆ ತಾಯಿ ಹೇಳಿದ ಲೆಕ್ಕದಲ್ಲಿ ಶುಲ್ಕ ಅರ್ಧ ಮಾತ್ರ. ಕೊಳ್ಳೇಗಾಲದಿಂದ ಮೈಸೂರು ಸುಮಾರು 60 ಕಿಲೋಮೀಟರ್, ಹನೂರು ಅಲ್ಲಿಂದಾಚೆಗೆ ಇನ್ನೂ 25. ಬೆಳಗ್ಗೆ ಐದಕ್ಕೆ ಹೊರಟರೆ ಮನೆ ಸೇರುವುದು ರಾತ್ರಿಗೆ. ಆ ದಿನದ ಕೂಲಿ ಹೋಯಿತು. 2025-26ರ ಉದ್ಯೋಗ ಖಾತರಿ ಕೂಲಿಯ ದರ ದಿನಕ್ಕೆ 370 ರೂಪಾಯಿ ಇತ್ತು. ಅದರಂತೆ 104 ದಿನಕ್ಕೆ 38,480. ಈ ಹಣಕ್ಕೆ ಬಿಲ್ಲಿಲ್ಲ, ರಸೀದಿಯಿಲ್ಲ. ಯಾವ ಪಾಲಿಸಿಯೂ ಇದನ್ನು ನೋಡುವುದಿಲ್ಲ.

ಒಂದು ಕಾಲದಲ್ಲಿ ನೋಡಿತ್ತು, ಅದೂ ಇಲ್ಲೇ ಪಕ್ಕದಲ್ಲಿ. ಡಾ. ಎಚ್. ಸುದರ್ಶನ್ ಅವರ ಹೆಸರನ್ನು ನೀವು ಕೇಳಿರುತ್ತೀರಿ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದವರು. ಅವರ ಕರುಣಾ ಟ್ರಸ್ಟ್ 1986ರಲ್ಲಿ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ಕೆಲಸಕ್ಕಾಗಿ ಹುಟ್ಟಿತು. 2002ರಲ್ಲಿ ಆ ಟ್ರಸ್ಟ್, ನ್ಯಾಷನಲ್ ಇನ್ಶೂರೆನ್ಸ್ ಕಂಪನಿ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ಸೇರಿ ತಿ. ನರಸೀಪುರ ತಾಲ್ಲೂಕಿನಲ್ಲಿ ಒಂದು ಸಮುದಾಯ ಆರೋಗ್ಯ ವಿಮೆಯನ್ನು ನಡೆಸಿತು. ತಲೆಗೆ ವರ್ಷಕ್ಕೆ ಕೆಲವೇ ರೂಪಾಯಿಗಳ ಕಂತು. ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಾದರೆ ದಿನಕ್ಕೆ 50 ರೂಪಾಯಿ ಔಷಧಿಗೆ, ಇನ್ನೊಂದು 50 ರೂಪಾಯಿ ರೋಗಿಯ ಕೈಗೇ, ತಪ್ಪಿದ ಕೂಲಿಗೆ ಪರಿಹಾರವಾಗಿ. ಸರ್ಕಾರಿ ಆಸ್ಪತ್ರೆ ಉಚಿತವಾದರೂ ಬಡವರು ಏಕೆ ಬರುವುದಿಲ್ಲ ಎಂದು ಅವರು ಯೋಚಿಸಿದ್ದರು. ಅದೂ ಮಂಚದ ವಿಮೆಯೇ, ಆಟಿಸಂಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ತಪ್ಪಿದ ಕೂಲಿಯನ್ನೂ ಚಿಕಿತ್ಸೆಯ ಖರ್ಚೆಂದು ಒಂದು ವಿಮಾ ಕಾಗದ ಒಪ್ಪಿಕೊಂಡಿತ್ತು. ಕೊಳ್ಳೇಗಾಲದಿಂದ ಮೈಸೂರಿಗೆ ಹೋಗುವ ಬಸ್ಸು ಹಾದುಹೋಗುವುದು ಆ ಊರಿನ ಮೇಲೆಯೇ.

ಬಸ್ಸಿನ ಖರ್ಚು ಮಾತ್ರ ಈಗ ಹಗುರವಾಗಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ಟಿಲ್ಲ, ಹೆಣ್ಣುಮಗುವಿಗೂ ಇಲ್ಲ. ಆರು ವರ್ಷ ತುಂಬಿದ ಗಂಡುಮಗುವಿಗೆ ಅರ್ಧ ಟಿಕೆಟ್ಟು. ಯುಡಿಐಡಿ ಕಾರ್ಡಿದ್ದರೆ 100 ಕಿಲೋಮೀಟರ್ ವ್ಯಾಪ್ತಿಯ ರಿಯಾಯಿತಿ ಪಾಸು ಮಾಡಿಸಬಹುದು. ಹನೂರಿನಿಂದ ಮೈಸೂರು ಅದರೊಳಗೇ ಬರುತ್ತದೆ.

ಥೆರಪಿಯೇ ಊರ ಹತ್ತಿರ ಬಂದರೆ ಇನ್ನೂ ಒಳ್ಳೆಯದಲ್ಲವೇ? ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಆಯಿಷ್, ನಮ್ಮ ಸೀಮೆಯ ಭಾಗ್ಯ. ಕೇಂದ್ರ ಸರ್ಕಾರದ ಈ ಸಂಸ್ಥೆಯಲ್ಲಿ ಪರೀಕ್ಷೆ ಮತ್ತು ಥೆರಪಿಯ ಶುಲ್ಕ ಬಹಳ ಕಡಿಮೆ, ಬಡವರಿಗೆ ರಿಯಾಯಿತಿಯೂ ಉಂಟು. ತಾಯಂದಿರಿಗೇ ತರಬೇತಿ ಕೊಟ್ಟು ಮನೆಯಲ್ಲಿ ಮುಂದುವರಿಸುವಂತೆ ಮಾಡುತ್ತಾರೆ, ದೂರದವರಿಗೆ ವಿಡಿಯೋ ಮೂಲಕ ಥೆರಪಿ ಕೊಡುವ ವ್ಯವಸ್ಥೆಯನ್ನೂ ಕಟ್ಟಿದ್ದಾರೆ. ಅದು ತನ್ನ ಹೊರಸೇವಾ ಕೇಂದ್ರಗಳಲ್ಲಿ ಒಂದನ್ನು ತೆರೆದದ್ದು ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. 1996ರಲ್ಲಿ ಸರ್ಕಾರ ನಿರ್ವಹಣೆಗಾಗಿ ಕರುಣಾ ಟ್ರಸ್ಟಿಗೆ ಒಪ್ಪಿಸಿದ ಕೇಂದ್ರವದು. ಯಾವ ದಿನ ಯಾರು ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೊರಡಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ನಿಮ್ಮ ಶಾಲೆಗೂ ಬಂದು ಹಲ್ಲು, ಕಣ್ಣು ನೋಡಿ ಹೋಗಿರುತ್ತದೆ. ಅವರು ಪರೀಕ್ಷಿಸಬೇಕಾದ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಗುರುತಿಸಿದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತಾರೆ, ಅಲ್ಲಿ ಸೇವೆ ಉಚಿತ. ಶಾಲೆಯ ವಯಸ್ಸಿನವರಿಗಾದರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಎಂದು ಕರೆಯುವ ವಿಶೇಷ ಶಿಕ್ಷಕರನ್ನು ಕೇಳಬೇಕು.

'ತಜ್ಞರಲ್ಲದವರು ಕಲಿಸಿದರೆ ಫಲವುಂಟೇ?' ಎಂದು ನೀವು ಕೇಳಬಹುದು. ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅವರು ತಾಯಿತಂದೆಯರಿಗೆ ಕಲಿಸಿ, ತಾಯಿತಂದೆಯರು ಮಗುವಿನೊಡನೆ ಆಡುವ ಬಗೆಯನ್ನು ಬದಲಿಸಿಕೊಂಡರು. ತಾಯಿತಂದೆಯರು ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಗು ತಾನಾಗಿ ಸಂಪರ್ಕಕ್ಕೆ ಮುಂದಾಗುವುದೂ ಹೆಚ್ಚಿತು. ಇದರಿಂದ ತಜ್ಞರು ಬೇಡವೆಂದಾಗಲಿಲ್ಲ. ವಾರಕ್ಕೆ ಎರಡು ಸಲದ ಮೈಸೂರು ಪ್ರಯಾಣ ತಿಂಗಳಿಗೆ ಒಂದಾಗಬಹುದು ಎಂದು ನನ್ನ ಲೆಕ್ಕ. ಆಗ ನಿರಾಮಯದ ಚಿಕ್ಕ ಪಾಲೂ ಸಾಕಾದೀತು, ಕೂಲಿಯೂ ಉಳಿದೀತು.

ಆ ತಾಯಿಯ ಕಥೆ ಏನಾಯಿತೆಂದು ನೀವು ಕೇಳುತ್ತೀರಿ. ಹಳೆಯ ಹನ್ನೊಂದು ತಿಂಗಳ ಹಣ ಬರಲಿಲ್ಲ. ನನ್ನ ಭರವಸೆ ಸುಳ್ಳಾಯಿತು, ಅದನ್ನು ಅವರಿಗೆ ಹೇಳುವಾಗ ಮುಖ ಎತ್ತಲಾಗಲಿಲ್ಲ. ಯುಡಿಐಡಿ ಕಾರ್ಡು ಬರಲು ಐದು ತಿಂಗಳು ಹಿಡಿಯಿತು. ಅರ್ಜಿಯನ್ನು ತುಂಬಿಕೊಟ್ಟವಳು ಅವರ ಪಕ್ಕದ ಮನೆಯ, ಕೊಳ್ಳೇಗಾಲದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಹುಡುಗಿ. ನಿರಾಮಯಕ್ಕೆ 250 ರೂಪಾಯಿ ಕಟ್ಟಿಸಿದವಳೂ ಅವಳೇ. ಬಿಲ್ಲುಗಳ ಜೊತೆ ವೈದ್ಯರ ಸಲಹೆಚೀಟಿ ಇಲ್ಲವೆಂದು ಕಳುಹಿಸುವ ಮೊದಲೇ ಕಂಡುಹಿಡಿದು, ಅವರನ್ನು ಮತ್ತೆ ಮೈಸೂರಿಗೆ ಅಟ್ಟಿ ಚೀಟಿ ತರಿಸಿದಳು. ಮೊದಲ ಸಲ ಖಾತೆಗೆ ಹಣ ಬಂದಾಗ ಆ ತಾಯಿ ನನಗೆ ದೂರವಾಣಿ ಮಾಡಿದರು. ಹಿನ್ನೆಲೆಯಲ್ಲಿ ಏನೋ ಗರಗರ ಸದ್ದು. ಹುಡುಗ ಹಳೆಯ ಸೈಕಲ್ಲನ್ನು ತಲೆಕೆಳಗೆ ಮಾಡಿಕೊಂಡು ಚಕ್ರ ತಿರುಗಿಸುತ್ತಿದ್ದನಂತೆ, ಈಗೀಗ 'ತಿರುಗು' ಎಂದು ಹೇಳಿ ತಿರುಗಿಸುತ್ತಾನಂತೆ. ಅದನ್ನು ಹೇಳಿದ ಮೇಲೆ ಆಕೆ ಕೇಳಿದರು:

"ಆ ಹುಡ್ಗಿ ಈಗ ಊರಲ್ಲಿಲ್ಲ ಸಾ, ಮುಂದಕ್ಕ ಓದಾಕ ಹೋಗವಳ. ಮಾರ್ಚಿ ತಿಂಗಳ ಐವತ್ತು ರೂಪಾಯ ಯಾರ್ ಕೈಲಿ ಕಟ್ಟಿಸ್ಲಿ?"